ಶ್ರವಣಕುಮಾರನ ಹೆಗಲು

ಮುಪ್ಪಿನ ಮಾತು ಬಂದಲ್ಲೆಲ್ಲ ನಮ್ಮಲ್ಲಿ ಶ್ರವಣಕುಮಾರನ ಹೆಸರು ಬಾರದೆ ಇರುವುದಿಲ್ಲ. ಕುರುಡರಾದ ತಂದೆತಾಯಿಗಳನ್ನು ಕಾವಡಿಯಲ್ಲಿ ಕುಳ್ಳಿರಿಸಿ, ಹೆಗಲ ಮೇಲೆ ಹೊತ್ತು, ತೀರ್ಥಯಾತ್ರೆ ಮಾಡಿಸಿದ ಆ ಹುಡುಗನ ಚಿತ್ರವನ್ನು ಬಾಲ್ಯದಲ್ಲಿ ಕಾಣದವರು ಯಾರಿದ್ದಾರೆ? ಹರಿಕಥೆಯ ದಾಸರು ಆ ಪ್ರಸಂಗಕ್ಕೆ ಬಂದಾಗ ಮುದುಕರು ಸೆರಗಿನಿಂದಲೋ ಶಾಲಿನಿಂದಲೋ ಕಣ್ಣೊರಸಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ಮಕ್ಕಳು ತಲೆ ತಗ್ಗಿಸುತ್ತಿದ್ದರು. ನಾನೂ ತಗ್ಗಿಸಿದ್ದೇನೆ. ಆದರೆ ಈಚೆಗೆ ಆ ಕಥೆಯನ್ನು ನೆನೆದಾಗ ನನ್ನ ಮನಸ್ಸು ನಿಲ್ಲುವುದು ಹುಡುಗನ ಪಿತೃಭಕ್ತಿಯ ಮೇಲಲ್ಲ, ಅವನ ಕೈಯಲ್ಲಿದ್ದ ಕೊಡದ ಮೇಲೆ. ಅವನು ಸತ್ತದ್ದು ಹೇಗೆ? ತಂದೆತಾಯಿಗಳಿಗೆ ಬಾಯಾರಿಕೆಯಾಯಿತು, ನೀರು ತರಲು ಹೊಳೆಗೆ ಇಳಿದ, ಕೊಡ ತುಂಬುವ ಸದ್ದನ್ನು ಆನೆ ನೀರು ಕುಡಿಯುವ ಸದ್ದೆಂದು ಬಗೆದು ದಶರಥ ಬಾಣ ಬಿಟ್ಟ. ಮಗ ಹೋದ, ಅವನ ಹಿಂದೆಯೇ ತಂದೆತಾಯಿಗಳೂ ಹೋದರು. ಆ ದಾರಿಯಲ್ಲಿ ಯಾರಾದರೂ ಪುಣ್ಯಾತ್ಮರು ಒಂದು ಅರವಟ್ಟಿಗೆ ಇಟ್ಟಿದ್ದರೆ ದಶರಥನಿಗೆ ಶಾಪವೂ ತಟ್ಟುತ್ತಿರಲಿಲ್ಲ, ರಾಮಾಯಣವೂ ನಡೆಯುತ್ತಿರಲಿಲ್ಲ!

ತಮಾಷೆಯ ಮಾತಾಗಿ ಕಂಡೀತು. ಆದರೆ ಕಥೆಯ ಒಳಗೆ ಈ ಮಾತು ಇದ್ದೇ ಇದೆ. ಇಬ್ಬರ ಮುಪ್ಪು ಒಂದೇ ಹೆಗಲಿನ ಮೇಲೆ ತೂಗುತ್ತಿದ್ದರೆ ಒಂದು ಬಾಣಕ್ಕೆ ಮೂರು ಜೀವ ಹೋಗುತ್ತವೆ. ನಾವು ಆ ಹೆಗಲನ್ನು ಕೊಂಡಾಡುತ್ತ ಬಂದೆವು. ಅದೊಂದೇ ಹೆಗಲಿಗೆ ಅಷ್ಟು ಭಾರ ಏಕೆ ಬಿತ್ತು, ದಾರಿಯ ಉದ್ದಕ್ಕೂ ಇದ್ದ ಊರುಗಳು ಏನು ಮಾಡುತ್ತಿದ್ದವು ಎಂದು ಕೇಳಲಿಲ್ಲ.

ಈ ಯೋಚನೆ ನನಗೆ ಪುಸ್ತಕದಿಂದ ಬಂದುದಲ್ಲ. ನನ್ನ ತಾಯಿಯವರಿಗೆ ಈಗ 79 ವರ್ಷ. ಬೆಳ್ತಂಗಡಿ ತಾಲೂಕಿನಲ್ಲಿ, ಚಾರ್ಮಾಡಿ ಘಟ್ಟದ ತಪ್ಪಲಿನ ಒಂದು ಹಳ್ಳಿಯಲ್ಲಿ ನಮ್ಮ ಹಳೆಯ ಮನೆ. ಅಕ್ಕನನ್ನು ಕೊಟ್ಟದ್ದು ಬಂಟ್ವಾಳ ಪೇಟೆಗೆ. ನಾನು ಮೂಡುಬಿದಿರೆಯಲ್ಲಿ ಮನೆ ಕಟ್ಟಿಸಿಕೊಂಡು, ಹುಡುಗರಿಗೆ ಪಂಪ ರನ್ನರನ್ನು ಪಾಠ ಹೇಳಿಕೊಂಡು ಇರುವವನು. ತಂದೆಯವರು ತೀರಿಕೊಂಡ ಮೇಲೆ ಅಮ್ಮ ಈ ಮೂರು ಕಡೆಗಳಲ್ಲಿಯೂ ಇದ್ದು ನೋಡಿದರು. ಇದ್ದವರು ಅದೇ ಅಮ್ಮ. ನೋಡಿಕೊಂಡವರು ಅವರದೇ ಮಕ್ಕಳು. ಆದರೂ ಮೂರು ಊರುಗಳಲ್ಲಿ ಅವರು ಮೂವರು ಬೇರೆ ಬೇರೆ ಹೆಂಗಸರಾಗಿ ನನಗೆ ಕಂಡರು. ಅದೇಕೆ ಎಂಬುದನ್ನು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ನಮ್ಮ ಸೀಮೆಯ ಹಳ್ಳಿ ಎಂದರೆ ಬಯಲುಸೀಮೆಯವರು ತಿಳಿದಂತೆ ಗೋಡೆಗೆ ಗೋಡೆ ತಾಗಿದ ಮನೆಗಳ ಸಾಲಲ್ಲ. ತೋಟಕ್ಕೊಂದು ಮನೆ, ಗುಡ್ಡೆಗೊಂದು ಮನೆ. ನೆರೆಮನೆಯ ದೀಪ ಅಡಿಕೆ ಮರಗಳ ನಡುವೆ ಮಿಣುಕಿದರೆ ಮಿಣುಕಿತು. ಮಳೆಗಾಲದಲ್ಲಿ ಅದೂ ಇಲ್ಲ. ವಯಸ್ಸಿದ್ದಾಗ ಈ ಒಂಟಿತನವೇ ಒಂದು ಘನತೆ. ನಮ್ಮ ಅಂಗಳ, ನಮ್ಮ ಬಾವಿ, ನಮ್ಮ ಬಾಕಿಮಾರು ಗದ್ದೆ ಎಂದು ತಲೆಯೆತ್ತಿ ನಡೆಯುತ್ತೇವೆ. ಮೊಣಕಾಲು ಸೋತ ಮೇಲೆ ಅದೇ ಅಂಗಳ ಒಂದು ದ್ವೀಪ. ನಮ್ಮ ಮನೆಗೂ ಬಸ್ಸು ಬರುವ ರಸ್ತೆಗೂ ನಡುವೆ ಒಂದು ತೋಡು, ಅದರ ಮೇಲೆ ಅಡಿಕೆ ಮರದ ಕಾಂಡಗಳನ್ನು ಕಟ್ಟಿದ ಕಾಲುಸಂಕ. ಪಾಚಿ ಹಿಡಿದ ಆ ಸಂಕದ ಮೇಲೆ ಅಮ್ಮ ಐವತ್ತು ವರ್ಷ ತಲೆಹೊರೆ ಹೊತ್ತು ನಡೆದವರು. 2019ರ ಆಗಸ್ಟಿನ ನೆರೆ ಘಟ್ಟದ ತಪ್ಪಲಿನ ಸೇತುವೆಗಳನ್ನೂ ಸಂಕಗಳನ್ನೂ ಕೊಚ್ಚಿಕೊಂಡು ಹೋದಾಗ ನಮ್ಮದೂ ಹೋಯಿತು. ಹೊಸದನ್ನು ಕಟ್ಟಿದೆವು. ಆದರೆ ಅಮ್ಮ ಅದರ ಮೇಲೆ ಒಬ್ಬರೇ ಕಾಲಿಡಲಿಲ್ಲ. ಹೊಳೆ ಕೊಂಡುಹೋದದ್ದು ಮರದ ತುಂಡುಗಳನ್ನು ಮಾತ್ರವಲ್ಲ, ಅವರ ಧೈರ್ಯವನ್ನೂ ಕೊಂಡುಹೋಗಿತ್ತು.

ಹಾಗಾಗಿ ಮೂಡುಬಿದಿರೆಗೆ ಕರೆತಂದೆ. ಒಳ್ಳೆಯ ಮಗನೆಂದು ನನ್ನನ್ನು ನಾನೇ ಮೆಚ್ಚಿಕೊಂಡೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಅವರಿಗಾಗಿ ಪ್ರತ್ಯೇಕ ಕೋಣೆ; ಜಾರದ ನೆಲ; ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಕಂಬಿ; ತಿಂಗಳಿಗೊಮ್ಮೆ ವೈದ್ಯರ ಬಳಿಗೆ ಕರೆದೊಯ್ಯಲು ಕಾರು. ನಮ್ಮ ಮನೆಯಿರುವುದು ಹೊಸ ಬಡಾವಣೆಯಲ್ಲಿ. ಎಲ್ಲ ಮನೆಗಳಿಗೂ ಆಳೆತ್ತರದ ಆವರಣಗೋಡೆ, ಕಬ್ಬಿಣದ ಗೇಟು. ಜಗಲಿ ಯಾವ ಮನೆಗೂ ಇಲ್ಲ. ನನ್ನ ಮನೆಗೂ ಇಲ್ಲ. ನಕ್ಷೆ ಮಾಡಿದವರು ಆ ಜಾಗವನ್ನು ಕಾರಿಗೆ ಕೊಟ್ಟರು, ನಾನು ಒಪ್ಪಿದೆ. ಅಂಗಡಿಗಳಿರುವುದು ದೊಡ್ಡ ರಸ್ತೆಯ ಆಚೆ ಬದಿಗೆ.

ಅಮ್ಮನಿಗೆ ವೀಳ್ಯದೆಲೆಯ ಅಭ್ಯಾಸ. ನನಗೆ ಅದು ಸೇರದು. ಆದರೂ ಕೇಳಿದಾಗಲೆಲ್ಲ ತಂದುಕೊಡುತ್ತಿದ್ದೆ. ತರುವಾಗ ಒಂದು ಮಾತು ಉಪದೇಶವನ್ನೂ ಸೇರಿಸುತ್ತಿದ್ದೆ. ಒಂದು ದಿನ ನಾನು ಕಾಲೇಜಿಗೆ ಹೋಗಿದ್ದಾಗ, ಮನೆಯಾಕೆಯೂ ತನ್ನ ಕೆಲಸಕ್ಕೆ ಹೋಗಿದ್ದಾಗ, ಅವರು ತಾವೇ ಎಲೆ ತರಲು ಹೊರಟರು. ರಸ್ತೆಯ ಅಂಚಿನಲ್ಲಿ ನಿಂತರು. ಎಷ್ಟು ಹೊತ್ತು ನಿಂತರೋ! ದಾಟಲಾಗಲಿಲ್ಲ. ಕುಳಿತುಕೊಳ್ಳಲು ಒಂದು ಕಲ್ಲೂ ಇರಲಿಲ್ಲ. ಹಿಂತಿರುಗಿ ಬಂದು ಬಾಗಿಲು ಹಾಕಿಕೊಂಡು ಮಲಗಿದರು. ಎದುರಿನ ಅಂಗಡಿಯವರು ಸಂಜೆ ನನಗೆ ಇದನ್ನು ಹೇಳಿದಾಗ ನಾನು ಮಾಡಿದ ಮೊದಲ ಕೆಲಸ ಯಾವುದು ಗೊತ್ತೆ? ಮನೆಗೆ ಬಂದು ಅಮ್ಮನನ್ನು ಗದರಿಸಿದೆ. “ಬಿದ್ದಿದ್ದರೆ ಏನು ಗತಿ? ನಿಮಗೆ ಇಲ್ಲಿ ಏನು ಕಮ್ಮಿಯಾಗಿದೆ ಅಮ್ಮ?” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಕಮ್ಮಿ ಎಂತದ್ದೂ ಇಲ್ಲ ಮಗಾ. ಆದರೆ ಎಂತಕ್ಕೂ ನಿನ್ನನ್ನೇ ಕೇಳಬೇಕಲ್ಲ.”

ಮರುದಿನ ಕಾಲೇಜಿನಿಂದ ಬರುವಾಗ ಅದೇ ಜಾಗದಲ್ಲಿ, ಗಡಿಯಾರ ನೋಡಿಕೊಂಡು, ಅಮ್ಮನ ನಡಿಗೆಯಲ್ಲಿ ದಾಟಬೇಕೆಂದು ನಿಂತೆ. ಎಂಟು ನಿಮಿಷ ನಿಂತ ಮೇಲೆ ಹಠ ಬಿಟ್ಟು ಓಡಿ ದಾಟಿದೆ. ನನಗೆ ಓಡುವ ಕಾಲಿತ್ತು.

ಅಮ್ಮನ ಮಾತನ್ನು ನಾನು ಹಲವು ಬಗೆಯಾಗಿ ತಿರುಗಿಸಿ ನೋಡಿದ್ದೇನೆ. ಕೃತಘ್ನತೆಯ ಮಾತಲ್ಲ ಅದು. ಮುದುಕರ ಹಠವೆಂದು ತಳ್ಳಿಹಾಕುವ ಮಾತೂ ಅಲ್ಲ. ಐವತ್ತು ವರ್ಷ ಒಂದು ಮನೆಯನ್ನು ಆಳಿದ ಜೀವ, ಎರಡು ಕಟ್ಟು ಎಲೆಗಾಗಿ ಮಗನ ಮುಖ ನೋಡಬೇಕಾಗಿ ಬಂದುದರ ನೋವು. ಇನ್ನೂ ಕಹಿಯಾದ ಸಂಗತಿ ನನಗೆ ಆಮೇಲೆ ಹೊಳೆಯಿತು. ಅವರು ಕೇಳುವುದು ನನಗೆ ಇಷ್ಟವಾಗಿತ್ತು! ಕೇಳಿದಾಗ ಕೊಡುವುದರಲ್ಲಿ ಒಂದು ಸುಖವಿದೆ. ಕೊಡುವವನು ಕೊಂಚ ಎತ್ತರವಾಗುತ್ತಾನೆ. ಸತ್ಪುತ್ರರಾದ ನಾವು ಈ ಎತ್ತರವನ್ನು ಪಿತೃಭಕ್ತಿಯೆಂದು ಕರೆದುಕೊಂಡು ತೃಪ್ತರಾಗಿದ್ದೇವೆ. ಅನ್ನ ಕೊಟ್ಟೆವು, ಔಷಧ ಕೊಟ್ಟೆವು, ಮತ್ತೇನು ಬೇಕು ಎನ್ನುತ್ತೇವೆ. ಬೇಕಾದುದು ಕೇಳದೆ ಬದುಕುವ ಅನುಕೂಲ. ಅದನ್ನು ಮಗ ಕೊಡಲಾರ. ಎಷ್ಟೇ ಪ್ರೀತಿಯಿದ್ದರೂ ರಸ್ತೆಯ ಮೇಲೆ ವಾಹನಗಳನ್ನು ನಿಲ್ಲಿಸುವ ಶಕ್ತಿ ಮಗನಿಗಿಲ್ಲ. ಅದನ್ನು ಊರು ಕೊಡಬೇಕು.

ಇಲ್ಲಿ ಒಂದು ಮಾತನ್ನು ಸೇರಿಸದಿದ್ದರೆ ನನ್ನ ಮನೆಯಲ್ಲಿಯೇ ನನಗೆ ಶಾಂತಿಯಿರುವುದಿಲ್ಲ. ನಾನು ಕೇಳಿದ ಹರಿಕಥೆಗಳಲ್ಲಿ ಶ್ರವಣಕುಮಾರನಿಗೆ ಹೆಂಡತಿಯಿರಲಿಲ್ಲ. ಇದ್ದಿದ್ದರೆ ಕಾವಡಿಯ ಕೋಲು ಯಾರ ಹೆಗಲ ಮೇಲಿರುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. “ಮಗನ ಕರ್ತವ್ಯ” ಎಂದು ನಾವು ವೇದಿಕೆಯ ಮೇಲೆ ಹೇಳುವುದರಲ್ಲಿ ಮುಕ್ಕಾಲು ಪಾಲನ್ನು ನಡೆಸುವವಳು ಸೊಸೆ, ಇಲ್ಲವೆ ಮದುವೆಯಾಗದೆ ಉಳಿದ ಮಗಳು. ಕರ್ತವ್ಯ ಗಂಡಸರದು, ಕೆಲಸ ಹೆಂಗಸರದು. ಊರು ಮಾಡಬೇಕಾದುದನ್ನು ಮಾಡದೆ ಮನೆಯ ಮೇಲೆ ಹಾಕಿದಾಗ ಅದು ಬಂದು ಬೀಳುವುದು ಅಡಿಗೆಮನೆಯ ಮೇಲೆ.

ಹಿಂದೆ ಹೀಗಿರಲಿಲ್ಲ, ಅವಿಭಕ್ತ ಕುಟುಂಬದಲ್ಲಿ ಮುದುಕರಿಗೆ ನೆಮ್ಮದಿಯಿತ್ತು ಎಂದು ಯಾರಾದರೂ ಹೇಳಬಹುದು. ಅದರಲ್ಲಿ ಸತ್ಯವಿದೆ, ಇಡೀ ಸತ್ಯವಿಲ್ಲ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಕೂಡಿಯೇ ಉಳಿಯುತ್ತಿತ್ತು. ಒಂದು ಚಾವಡಿಯಲ್ಲಿ ಇಬ್ಬರು ಅಜ್ಜಿಯರು, ಮೂವರು ಚಿಕ್ಕಮ್ಮಂದಿರು, ಒಬ್ಬ ಮುದಿ ಮಾವ ಇದ್ದರೆ ಅಚ್ಚರಿಯಿರಲಿಲ್ಲ. ಯಾರ ಮುಪ್ಪೂ ಯಾರೊಬ್ಬರ ಹೆಗಲ ಮೇಲೂ ಇರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕನ್ನು ತಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವಾರಸಿಕೆಯ ದಾರಿಯನ್ನೇ ಬದಲಿಸಿತು. 1974ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿಯ ಮೇಲೆ ನಿಂತಿದ್ದ ದೊಡ್ಡ ಮನೆಗಳ ಅಡಿಗಲ್ಲನ್ನು ತೆಗೆಯಿತು. ಆಗಬೇಕಾದ್ದೇ ಆಯಿತು ಎನ್ನುವವನು ನಾನು. ಉಳುವವನ ಹೊಟ್ಟೆಯ ಮೇಲೆ ನಿಂತ ಚಾವಡಿಯ ನೆರಳು ಎಷ್ಟು ತಂಪಾಗಿದ್ದರೇನು? ಆದರೆ ಆ ಮನೆ ಇಳಿದಾಗ ಅದರ ಮಾಡಿನ ಕೆಳಗೆ ಕುಳಿತಿದ್ದ ಅಜ್ಜಿಯರನ್ನು ಎಲ್ಲಿ ಕುಳ್ಳಿರಿಸಬೇಕೆಂದು ಯಾರೂ ಯೋಚಿಸಲಿಲ್ಲ. ಹುಡುಗರು ಮುಂಬಯಿಯ ಹೊಟೇಲುಗಳಿಗೆ ಹೋದರು. ಎಪ್ಪತ್ತರ ದಶಕದಿಂದೀಚೆಗೆ ಕೊಲ್ಲಿಯ ನಾಡುಗಳಿಗೆ ಹೋದರು. ಈಗ ಬೆಂಗಳೂರಿಗೆ, ಅದರಾಚೆಗೆ ಹೋಗುತ್ತಿದ್ದಾರೆ. ಯಯಾತಿಯ ಮಗ ಪೂರು ತನ್ನ ಯೌವನವನ್ನು ತಂದೆಗೆ ಕೊಟ್ಟ. ನಮ್ಮ ಪೂರುಗಳು ಅದನ್ನು ದೂರದ ಊರುಗಳಿಗೆ ಕೊಟ್ಟು ತಂದೆಗೆ ಹಣ ಕಳಿಸುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಹೋಗದಿದ್ದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಹಳೆಯದನ್ನು ನೆನೆಯುವಾಗ ನಮ್ಮ ಕಣ್ಣಿಗೆ ಬೀಳುವುದು ಅಶ್ವತ್ಥ ಕಟ್ಟೆ. ಸಂಜೆಯ ಹೊತ್ತು ಹಿರಿಯರು ಅಲ್ಲಿ ಕುಳಿತು ಲೋಕಾಭಿರಾಮವಾಗಿ ಮಾತನಾಡುತ್ತಿದ್ದರು ಎಂದು ಬರೆಯುತ್ತೇವೆ. ನಿಜ. ಆದರೆ ಯಾವ ಹಿರಿಯರು? ಕಟ್ಟೆಯ ಮೇಲೆ ಕುಳಿತುಕೊಳ್ಳುವ ಜಾತಿಯವರು ಕುಳಿತರು. ಉಳಿದವರು ದೂರ ನಿಂತರು. ತಲೆ ಬೋಳಿಸಿಕೊಂಡು ಒಳಕೋಣೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ವಿಧವೆಗೆ ಆ ಕಟ್ಟೆ ಕಾಣುತ್ತಲೂ ಇರಲಿಲ್ಲ. ಆದುದರಿಂದ ಹಳೆಯ ಕಟ್ಟೆಯನ್ನು ಹಾಗೆಯೇ ಮರಳಿ ಕಟ್ಟೋಣ ಎಂದು ನಾನು ಹೇಳಲಾರೆ. ಎಲ್ಲರೂ ಕುಳಿತುಕೊಳ್ಳಬಹುದಾದ ಕಟ್ಟೆಯೊಂದು ನಮ್ಮಲ್ಲಿ ಇನ್ನೂ ಕಟ್ಟಬೇಕಾಗಿಯೇ ಉಂಟು.

ಹೆಗಲೇ ಇಲ್ಲದವರ ಮಾತೂ ಇದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ಸೀಮೆಗಳಲ್ಲಿಯೂ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿ ಸಂಸಾರ ಸಾಗಿಸಿದ ಹೆಂಗಸರ ಒಂದು ದೊಡ್ಡ ಪೀಳಿಗೆಯೇ ಮುಪ್ಪಿಗೆ ಬಂದಿದೆ. ಕುಳಿತು ಕುಳಿತು ಬೆನ್ನು ಬಾಗಿದೆ, ಬೆರಳು ಸೆಟೆದಿದೆ, ತಂಬಾಕಿನ ಧೂಳಿಗೆ ಎದೆ ಕಟ್ಟಿದೆ. ಆ ದುಡಿಮೆಯಲ್ಲಿ ಅವರಿಗೆ ಇದ್ದ ಒಂದೇ ತಿರುಗಾಟವೆಂದರೆ ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಟ್ಟು, ಎಲೆ ತಂಬಾಕು ತರುವ ದಾರಿ. ಬ್ರಾಂಚಿನ ಜಗಲಿಯಲ್ಲಿ ಸರದಿಗಾಗಿ ಕಾಯುವಾಗ ಆಡಿದ ಮಾತೇ ಅವರ ಪೇಟೆ, ಅವರ ಪತ್ರಿಕೆ. ಬೀಡಿಯ ಕೆಲಸ ಕುಗ್ಗಿದೆ. ಆರೋಗ್ಯದ ದೃಷ್ಟಿಯಿಂದ ಕುಗ್ಗಿದ್ದು ಒಳ್ಳೆಯದೇ. ಆದರೆ ಆ ಜಗಲಿಯೂ ಹೋಯಿತು. ರಾಜ್ಯ ಸರಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ತಿಂಗಳಿಗಿಷ್ಟು ಎಂದು ಬರುತ್ತದೆ. ಅದು ದೊಡ್ಡ ಉಪಕಾರ, ಸಂಶಯವಿಲ್ಲ. ಆ ಹಣವನ್ನು ತರಲು ಬ್ಯಾಂಕಿಗೆ ಹೋಗಬೇಕು; ಬ್ಯಾಂಕಿಗೆ ಹೋಗಲು ಬಸ್ಸು ಹತ್ತಬೇಕು; ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಿನ ಎತ್ತರಕ್ಕೆ ಇರುತ್ತದೆ. ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ 2023ರ ಜೂನಿನಿಂದ ಟಿಕೇಟಿಲ್ಲ. ಆದರೆ ಮೂಡುಬಿದಿರೆಯ ದಾರಿಯಲ್ಲಿ ಬಹುಕಾಲ ಖಾಸಗಿ ಬಸ್ಸುಗಳದೇ ರಾಜ್ಯಭಾರ. ಆ ಬಸ್ಸುಗಳಿಗೆ ನಿಮಿಷದ ಲೆಕ್ಕ. “ಬೇಗ ಬೇಗ” ಎಂದು ಕಂಡಕ್ಟರರು ಕೂಗುವುದು ಅವರ ಸ್ವಭಾವದ ದೋಷದಿಂದಲ್ಲ, ಹಿಂದಿನ ಬಸ್ಸು ಬೆನ್ನಿಗೇ ಬರುತ್ತಿರುತ್ತದೆ. ಆದರೆ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇರುವ ಅಜ್ಜಿಗೆ ಅದೆಲ್ಲ ಹೇಗೆ ತಿಳಿಯಬೇಕು?

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಸಂಸತ್ತು 2007ರಲ್ಲಿ ಒಂದು ಕಾಯಿದೆ ಮಾಡಿತು. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರವನ್ನು ಅದು ನ್ಯಾಯಮಂಡಳಿಗೆ ಕೊಟ್ಟಿದೆ. ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕರಿಗೆ ವೃದ್ಧಾಶ್ರಮ ಇರಬೇಕೆಂಬ ಮಾತೂ ಅದರಲ್ಲಿದೆ. ನ್ಯಾಯಮಂಡಳಿ ನಡೆಯುವುದು ಉಪವಿಭಾಗದ ಸಹಾಯಕ ಆಯುಕ್ತರಲ್ಲಿ. ಬೆಳ್ತಂಗಡಿ ತಾಲೂಕು ಸೇರಿರುವುದು ಪುತ್ತೂರು ಉಪವಿಭಾಗಕ್ಕೆ. ಘಟ್ಟದ ತಪ್ಪಲಿನ ಮುದುಕನೊಬ್ಬ ಮಗ ಅನ್ನ ಹಾಕುವುದಿಲ್ಲವೆಂದು ದೂರು ಕೊಡಬೇಕಾದರೆ ಮೊದಲು ಕಾಲುಸಂಕ ದಾಟಿ, ಬಸ್ಸು ಹತ್ತಿ, ಇಳಿದು, ಇನ್ನೊಂದು ಹತ್ತಿ ಪುತ್ತೂರು ಸೇರಬೇಕು. ಅಷ್ಟು ಶಕ್ತಿ ಅವನಿಗಿದ್ದರೆ ಬಹುಶಃ ಅವನು ಮಗನ ಮೇಲೆ ದೂರು ಕೊಡುತ್ತಿರಲಿಲ್ಲ! ಅದಂತಿರಲಿ. ಈ ಕಾಯಿದೆಯೂ ಶ್ರವಣಕುಮಾರನ ಕಥೆಯನ್ನೇ ನಂಬಿದೆ ಎಂಬುದು ನನ್ನ ಆಕ್ಷೇಪ. ತಪ್ಪಿದ ಹೆಗಲನ್ನು ಹುಡುಕಿ ತಂದು ಕಾವಡಿಯ ಕೆಳಗೆ ಕೊಡುವುದು ಅದರ ಕೆಲಸ. ಹೆಗಲು ಇಲ್ಲವೇ ಇಲ್ಲವಾದರೆ ವೃದ್ಧಾಶ್ರಮ. ಇವೆರಡರ ನಡುವೆ, ಮನೆಯ ಬಾಗಿಲಿನಿಂದ ಅಂಗಡಿಯ ಬಾಗಿಲಿನವರೆಗೆ ಒಂದು ಲೋಕ ಇದೆಯಲ್ಲ, ಅದರ ಸುದ್ದಿ ಆ ಕಾಯಿದೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಮೂಡುಬಿದಿರೆಯನ್ನು ಜೈನಕಾಶಿ ಎನ್ನುವುದು ವಾಡಿಕೆ. ಹದಿನೆಂಟು ಬಸದಿಗಳು, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ, ಇವನ್ನು ನೋಡಲು ದೇಶದ ನಾನಾ ಕಡೆಗಳಿಂದ ಜನ ಬರುತ್ತಾರೆ. ಅಮ್ಮ ಇದ್ದಾಗ ರಜೆಯ ದಿನಗಳಲ್ಲಿ ಅವರನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಕಂಬಗಳ ನಡುವಿನ ತಂಪಿನಲ್ಲಿ ಕುಳಿತುಕೊಳ್ಳುವುದೆಂದರೆ ಅವರಿಗೆ ಇಷ್ಟ. ದೇವರು ಯಾರೆಂಬ ಭೇದ ಅವರಿಗಿರಲಿಲ್ಲ. ಅಲ್ಲಿ ಒಂದು ದಿನ ಕುಳಿತಿದ್ದಾಗ ನನಗೆ ಜೈನರು ಹೇಳುವ ನಾಲ್ಕು ದಾನಗಳು ನೆನಪಾದವು: ಆಹಾರ, ಔಷಧ, ಶಾಸ್ತ್ರ, ಅಭಯ. ನಮ್ಮ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವಾಗ ಈ ಪಟ್ಟಿಯನ್ನು ಎಷ್ಟೋ ಸಲ ಹುಡುಗರಿಗೆ ಬರೆಸಿದ್ದೇನೆ. ಅಭಯವನ್ನು ಕೊನೆಯಲ್ಲಿ ಬರೆಸಿ ಮುಂದಕ್ಕೆ ಹೋಗಿದ್ದೇನೆ. ಜೀವಕ್ಕೆ ಭಯವಿಲ್ಲದಂತೆ ಮಾಡುವುದೇ ಅಭಯದಾನವೆಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ. ಹಿಂಸೆಯಿಂದ ಕಾಪಾಡುವುದು ಅದರ ಮುಖ್ಯಾರ್ಥ. ನಾನು ಆ ಮಾತನ್ನು ಕೊಂಚ ಎಳೆಯುತ್ತಿದ್ದೇನೆ ಎಂಬುದು ನನಗೆ ಗೊತ್ತಿದೆ. ಆದರೆ ಮುಪ್ಪಿನ ದೊಡ್ಡ ಭಯ ಸಾವಿನದಲ್ಲ. ಸಾವಿನ ಮಾತನ್ನು ನಮ್ಮ ಹಿರಿಯರು ಊಟದ ಮಾತಿನಂತೆ ಆಡುತ್ತಾರೆ. ಭಯ ಬೀಳುವುದರದು. ಬಿದ್ದರೆ ಮಲಗಬೇಕಾಗುವುದರದು. ಮೂತ್ರ ಬಂದರೆ ಹೋಗಲು ಪೇಟೆಯಲ್ಲಿ ಜಾಗವಿಲ್ಲ ಎಂಬುದರದು. ಈ ಭಯದಿಂದ ಎಷ್ಟು ಮಂದಿ ಹೆಂಗಸರು ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ, ಹೊರಡುವ ದಿನ ನೀರು ಕುಡಿಯದೆ ಇರುತ್ತಾರೆ ಎಂಬುದನ್ನು ಮನೆಯ ಹೆಂಗಸರನ್ನು ಕೇಳಿ ನೋಡಿ. ಆಹಾರ, ಔಷಧ, ಶಾಸ್ತ್ರಗಳನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಡಬಲ್ಲ. ಅಭಯವನ್ನು ಒಬ್ಬನೇ ಕೊಡಲಾರ.

ಜಗತ್ತಿನ ಬೇರೆ ಕಡೆಗಳಲ್ಲಿ ಇದನ್ನು ಯೋಚಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 33 ನಗರಗಳ ಹಿರಿಯರನ್ನು ವಿಚಾರಿಸಿ 2007ರಲ್ಲಿ ಒಂದು ಕೈಪಿಡಿ ಹೊರಡಿಸಿತು. ಆ ನಗರಗಳಲ್ಲಿ ನಮ್ಮ ದೆಹಲಿ, ಉದಯಪುರಗಳೂ ಇದ್ದವು. ದೊಡ್ಡ ದೊಡ್ಡ ಮಾತುಗಳ ನಡುವೆ ಅದರಲ್ಲಿ ನನಗೆ ಹಿಡಿಸಿದ್ದು ಕುಳಿತುಕೊಳ್ಳುವ ಬೆಂಚು ಮತ್ತು ಶೌಚಾಲಯಗಳ ಪ್ರಸ್ತಾಪ. ಸಿಂಗಾಪುರದಲ್ಲಿ 2009ರಿಂದ ಒಂದು ಏರ್ಪಾಡಿದೆ: ರಸ್ತೆ ದಾಟುವ ಜಾಗದ ಕಂಬಕ್ಕೆ ಹಿರಿಯರು ತಮ್ಮ ಕಾರ್ಡನ್ನು ತಾಗಿಸಿದರೆ ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಹೊತ್ತು ಉರಿಯುತ್ತದೆ. ಕೆಲವೇ ಸೆಕೆಂಡು! ಇಡೀ ನಗರ ಒಬ್ಬ ಅಜ್ಜಿಗಾಗಿ ಅಷ್ಟು ಹೊತ್ತು ನಿಲ್ಲುತ್ತದೆ; ಅಜ್ಜಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಸಿಂಗಾಪುರ ಸಿರಿವಂತರ ಊರು, ನಮ್ಮ ಮಾತು ಬೇರೆ ಎನ್ನುವಿರಾದರೆ ನೆರೆಯ ಕೇರಳವನ್ನು ನೋಡಬಹುದು. ಕಲ್ಲಿಕೋಟೆಯಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಚಿಕಿತ್ಸೆಯ ಕೆಲಸ ಮಲಪ್ಪುರದ ಕಡೆಯಲ್ಲಿ ನೆರೆಹೊರೆಯವರ ಕೆಲಸವಾಗಿ ಹಬ್ಬಿತು. ಅಂಗಡಿಯವರು, ರಿಕ್ಷಾ ಓಡಿಸುವವರು, ವಿದ್ಯಾರ್ಥಿಗಳು ಹಾಸಿಗೆ ಹಿಡಿದವರ ಮನೆಗೆ ಸರದಿಯ ಮೇಲೆ ಹೋಗತೊಡಗಿದರು. 2008ರಲ್ಲಿ ಸರಕಾರ ಅದನ್ನು ತನ್ನ ನೀತಿಯಾಗಿ ಒಪ್ಪಿತು. ಪಂಚಾಯತುಗಳು ಹೊಣೆ ಹೊತ್ತವು. ಅವರೂ ನಮ್ಮಂತೆಯೇ ತೋಟಕ್ಕೊಂದು ಮನೆ ಇರುವ ಜನ. ಅವರ ಮಕ್ಕಳೂ ಕೊಲ್ಲಿಯಲ್ಲಿರುವವರೇ.

ಇದಕ್ಕೆಲ್ಲ ಹಣ ಎಲ್ಲಿದೆ, ಮುದುಕರ ಸಂಖ್ಯೆಯಾದರೂ ಎಷ್ಟು ಎಂದು ಕೇಳುವವರಿದ್ದಾರೆ. 1961ರಲ್ಲಿ ದೇಶದ ಜನರಲ್ಲಿ 60 ದಾಟಿದವರು ನೂರಕ್ಕೆ 5.6, 2011ರ ಜನಗಣತಿಗೆ 8.6, ಕರ್ನಾಟಕದಲ್ಲಿ 9.5. 2050ರ ಹೊತ್ತಿಗೆ ದೇಶದಲ್ಲಿ ಐವರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆಂದು ಬಲ್ಲವರ ಅಂದಾಜು. ಆ ಐದನೆಯವರಲ್ಲಿ ನಾನೂ ಒಬ್ಬ, ಬದುಕಿದ್ದರೆ. ಹಣದ ಮಾತಿಗೆ ಬಂದರೆ, ಚತುಷ್ಪಥ ಮಾಡುವಾಗ ಹಣವಿತ್ತು, ಮೇಲ್ಸೇತುವೆಗೆ ಹಣವಿತ್ತು. ದಾಟುವ ಜಾಗದಲ್ಲಿ ನಾಲ್ಕು ಬೆಂಚು, ಒಂದು ಉಬ್ಬು, ಒಂದು ಶೌಚಾಲಯ ಎನ್ನುವಾಗ ಮಾತ್ರ ಬೊಕ್ಕಸ ಬರಿದಾಗಿರುವುದು ವಿಚಿತ್ರ. ನನಗೆ ತೋರುವಂತೆ ಕೊರತೆ ಹಣದ್ದಲ್ಲ. ಬೆಂಚು ಹಾಕುವುದನ್ನು ನಾವು ದಯೆಯೆಂದು ತಿಳಿದಿದ್ದೇವೆ. ದಯೆ ಮನಸ್ಸಿದ್ದಾಗ ಮಾಡುವಂಥದ್ದು. ದಾನಿಗಳ ಹೆಸರು ಕೆತ್ತಿಸುವಂಥದ್ದು. ಸಾಲ ತೀರಿಸುವಾಗ ಯಾರೂ ಹೆಸರು ಕೆತ್ತಿಸುವುದಿಲ್ಲ. ಪಿತೃಋಣ ಎಂಬ ಮಾತನ್ನು ನಮ್ಮವರು ತಂದರು, ಅದನ್ನು ಮಗನೊಬ್ಬನ ಖಾತೆಗೆ ಬರೆದರು. ಆದರೆ ನಾನು ನಡೆಯುವ ದಾರಿಯನ್ನು ಕಡಿದವರು, ಕುಡಿಯುವ ಬಾವಿಯನ್ನು ತೋಡಿದವರು, ಓದಿದ ಶಾಲೆಗೆ ಮಣ್ಣು ಹೊತ್ತವರು ನನ್ನ ತಂದೆತಾಯಿಗಳು ಮಾತ್ರವಲ್ಲವಷ್ಟೆ? ಅವರಿಗೆ ಮಕ್ಕಳಿಲ್ಲದಿರಬಹುದು, ಇದ್ದ ಮಗ ಮರೆತಿರಬಹುದು. ಅವರ ಸಾಲ ಯಾರ ಮೇಲೆ?

ಬಂಟ್ವಾಳದ ಮಾತನ್ನು ಹೇಳುವುದು ಉಳಿಯಿತು. ಈಗ ಅಮ್ಮ ಇರುವುದು ಅಲ್ಲಿ, ಅಕ್ಕನ ಮನೆಯಲ್ಲಿ. ಬಂಟ್ವಾಳ ಪೇಟೆಯನ್ನು ನೋಡಿದವರಿಗೆ ಅದೊಂದು ಉದ್ಧಾರವಾಗದ ಊರಾಗಿ ಕಾಣಬಹುದು. ದೋಣಿಯಲ್ಲಿ ಮಂಗಳೂರಿಗೆ ಸರಕು ಸಾಗುತ್ತಿದ್ದ ಕಾಲದಲ್ಲಿ ನೇತ್ರಾವತಿಯ ದಂಡೆಯ ಈ ಪೇಟೆ ಬಹಳ ಮೆರೆಯಿತು. ನಮ್ಮ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇಲ್ಲಿಯೇ. ಹೆದ್ದಾರಿ ಬಂದ ಮೇಲೆ ವ್ಯಾಪಾರ, ಕಚೇರಿ, ಬಸ್ಸು ಎಲ್ಲವೂ ಎರಡು ಮೂರು ಕಿಲೋಮೀಟರು ಆಚೆಯ ಬಿ.ಸಿ. ರೋಡಿಗೆ ಹೋದವು. ಹಳೆಯ ಪೇಟೆ ಇಕ್ಕಟ್ಟಾಗಿಯೇ ಉಳಿಯಿತು. ರಸ್ತೆ ಕಿರಿದಾದ್ದರಿಂದ ವಾಹನಗಳು ಅಲ್ಲಿ ಬಿರುಸಾಗಿ ಓಡಲಾರವು. ಅಂಗಡಿಯ ಮಗ್ಗುಲಲ್ಲಿ ಮನೆ, ಮನೆಯ ಮಗ್ಗುಲಲ್ಲಿ ಅಂಗಡಿ. ಹತ್ತು ಹೆಜ್ಜೆಗೊಂದು ಜಗಲಿ. ಅಮ್ಮ ಬೆಳಗ್ಗೆ ಕೋಲು ಹಿಡಿದು ಹೊರಟರೆ ತಿರುಮಲ ವೆಂಕಟರಮಣ ದೇವಸ್ಥಾನದವರೆಗೆ ನಾಲ್ಕು ಕಡೆ ಕುಳಿತು ಹೋಗುತ್ತಾರೆ; ಬರುವಾಗ ಐದು ಕಡೆ. ದಾರಿಯಲ್ಲಿ ಯಾರ ಸೊಸೆಗೆ ಹೆರಿಗೆಯಾಯಿತು, ಯಾರ ಅಂಗಡಿ ಮುಚ್ಚಿತು ಎಂಬುದೆಲ್ಲ ಅವರಿಗೆ ತಿಳಿದಿರುತ್ತದೆ. ಒಂದು ದಿನ ಅವರು ಕಾಣದಿದ್ದರೆ ಅಂಗಡಿಯವರು ಅಕ್ಕನನ್ನು ವಿಚಾರಿಸುತ್ತಾರೆ. ಯಾವ ಯೋಜನಾಶಾಸ್ತ್ರಜ್ಞರೂ ಆ ಪೇಟೆಯನ್ನು ಹೀಗಾಗಲೆಂದು ರೂಪಿಸಲಿಲ್ಲ. ಉದ್ಧಾರವಾಗಲಿಲ್ಲವಾದ್ದರಿಂದ ಉಳಿಯಿತು. ಅಗಲ ಮಾಡುವ ಮಾತು ಆಗಾಗ ಏಳುತ್ತದೆ. ಮಾಡುವಾಗ ಜಗಲಿಗಳನ್ನು ಲೆಕ್ಕಕ್ಕೆ ಹಿಡಿಯುವವರು ಯಾರಾದರೂ ಇರುತ್ತಾರೆಯೆ ಎಂಬುದು ನನ್ನ ಚಿಂತೆ.

ಹಾಗೆಂದು ಅದು ಸ್ವರ್ಗವಲ್ಲ. ಹೊಳೆ ಮನೆಯ ಬೆನ್ನಿಗೇ ಇದೆ. 1923ರ ನೆರೆಯ ಕಥೆಯನ್ನು ಭಾವ ತಮ್ಮ ಅಜ್ಜನಿಂದ ಕೇಳಿದ್ದರು. 1974ರದು ಪೇಟೆಯ ಹಿರಿಯರ ಕಣ್ಣೆದುರಿಗೇ ಇದೆ. ನಡೆಯಲು ಅನುಕೂಲವಾದ ಊರು ನೀರು ಏರುವ ಊರೂ ಆಗಿದೆ; ನೀರು ಏರದ ಗುಡ್ಡೆಯ ಮೇಲಿನ ಬಡಾವಣೆಯಲ್ಲಿ ನಡೆಯಲು ಜಾಗವಿಲ್ಲ. ಆಟಿ ತಿಂಗಳಲ್ಲಿ ಮಳೆ ಬಲವಾದಾಗ ಅಕ್ಕ ಫೋನು ಮಾಡುತ್ತಾಳೆ. ನಾನು ಹೋಗಿ ಅಮ್ಮನನ್ನು ಮೂಡುಬಿದಿರೆಗೆ ಕರೆತರುತ್ತೇನೆ. ಅವರು ಕಿಟಕಿಯ ಬಳಿ ಕುಳಿತು ಸೋಣ ತಿಂಗಳು ಯಾವಾಗ ಬರುವುದೆಂದು ಪಂಚಾಂಗ ನೋಡುತ್ತಿರುತ್ತಾರೆ. ಎದುರು ಬದಿಯ ಅಂಗಡಿ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ದಾಟುವ ಜಾಗ ಮಾಡಿಕೊಡಬೇಕೆಂದು ನಮ್ಮ ಬೀದಿಯ ಏಳೆಂಟು ಮಂದಿ ಸಹಿ ಹಾಕಿ ಒಂದು ಮನವಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಇನ್ನೊಂದು ಕೊಡುವುದಿದೆ. ಈ ನಡುವೆ ನನ್ನ ಗೇಟಿನ ಹೊರಗೆ, ಗೋಡೆಗೆ ತಾಗಿ, ಎರಡು ಕೆಂಪು ಕಲ್ಲಿನ ಮೇಲೆ ಒಂದು ಚಪ್ಪಡಿ ಹಾಸಿದ್ದೇನೆ. ಹಾಲು ತರಲು ಹೋಗುವ ಹಿರಿಯರೊಬ್ಬರು ಅಲ್ಲಿ ಕುಳಿತು ದಣಿವಾರಿಸಿಕೊಳ್ಳುವುದನ್ನು ಈಚೆಗೆ ಕಂಡಿದ್ದೇನೆ.

ಕಳೆದ ಭಾನುವಾರ ಬಂಟ್ವಾಳಕ್ಕೆ ಹೋಗುವಾಗ, ಅಮ್ಮನಿಗೆ ಮೆಚ್ಚುಗೆಯಾಗಲಿ ಎಂದು ಇಲ್ಲಿಂದ ಎರಡು ಕಟ್ಟು ವೀಳ್ಯದೆಲೆ ಕೊಂಡುಹೋಗಿದ್ದೆ. ಉಪದೇಶ ಇಲ್ಲದೆಯೇ ಕೊಟ್ಟೆ. ಅವರು ಕಟ್ಟು ಬಿಚ್ಚಿ, ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಬಾಡಿದೆ ಮಗಾ,” ಎಂದರು. “ನಾನು ಬೆಳಗ್ಗೆಯೇ ಹೋಗಿ ಒಳ್ಳೆಯದು ತಂದಾಗಿದೆ. ಇದನ್ನು ಪಕ್ಕದ ಮನೆಯವರಿಗೆ ಕೊಡುತ್ತೇನೆ.”